ಕಾಯಲು ಚಾಂಗಿ, ದಾಟಲು ದುಬೈ

‘ಅಮ್ಮಾ, ದುಬೈ ಮೇಲೆ ಬರ್ತೀಯಾ, ಸಿಂಗಪುರದ ಮೇಲೆ ಬರ್ತೀಯಾ?’

ಸ್ಯಾನ್ ಫ್ರಾನ್ಸಿಸ್ಕೊ ಕಡೆ ಇರುವ ಮಗಳು ಬಾಣಂತನಕ್ಕೆ ತಾಯಿಯನ್ನು ಕರೆಸಿಕೊಳ್ಳುವಾಗ ಕೇಳುವ ಪ್ರಶ್ನೆ ಇದು. ಬೆಂಗಳೂರಿನ ಮನೆಗಳಲ್ಲಿ ಇದಕ್ಕೆ ಸಿಗುವ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: ‘ಯಾವುದು ಅಗ್ಗವೋ ಅದು.’ ಭೂಪಟ ಹರಡಿಕೊಂಡು ಕೂತರೆ ಪ್ರಶ್ನೆಯೇ ವಿಚಿತ್ರ ಅನ್ನಿಸುತ್ತದೆ. ಒಂದು ಊರು ನಮಗೆ ಪಡುವಣಕ್ಕೆ, ಇನ್ನೊಂದು ಮೂಡಣಕ್ಕೆ. ಆದರೆ ಭೂಮಿ ಗುಂಡಗಿದೆಯಲ್ಲ! ಬೆಂಗಳೂರಿನಿಂದ ದುಬೈಗೆ ಸುಮಾರು 2,700 ಕಿ.ಮೀ., ಸಿಂಗಪುರಕ್ಕೆ ಸುಮಾರು 3,200 ಕಿ.ಮೀ. ಅಲ್ಲಿಂದ ಮುಂದೆ ಸ್ಯಾನ್ ಫ್ರಾನ್ಸಿಸ್ಕೊಗೆ ಎರಡು ಕಡೆಯಿಂದಲೂ 13 ಸಾವಿರ ಚಿಲ್ಲರೆ. ಎಲ್ಲ ಕೂಡಿ ಕಳೆದರೆ ಉಳಿಯುವ ವ್ಯತ್ಯಾಸ ಸಾವಿರ ಕಿ.ಮೀ. ಆಸುಪಾಸು. ನ್ಯೂಯಾರ್ಕಿಗೆ ಹೋಗುವವರಿಗೆ ಸಿಂಗಪುರ ಸುತ್ತುದಾರಿ, ಸಿಡ್ನಿಗೆ ಹೋಗುವವರಿಗೆ ದುಬೈ ಸುತ್ತುದಾರಿ. ಅಮೆರಿಕದ ಪಶ್ಚಿಮ ಕರಾವಳಿಗೆ ಹೊರಟವರಿಗೆ ಮಾತ್ರ ಇವೆರಡೂ ನಿಜವಾಗಿ ಎದುರುಬದುರಾಗುತ್ತವೆ.

ಪ್ರಶಸ್ತಿಗಳ ಪಟ್ಟಿ ನೋಡಿ ಹೇಳುವುದಾದರೆ ಕೆಲಸ ಸುಲಭ. ಸ್ಕೈಟ್ರ್ಯಾಕ್ಸ್ ಸಮೀಕ್ಷೆಯಲ್ಲಿ ಸಿಂಗಪುರದ ಚಾಂಗಿ 2025ರಲ್ಲಿ 13ನೇ ಬಾರಿಗೆ ಜಗತ್ತಿನ ಅತ್ಯುತ್ತಮ ನಿಲ್ದಾಣ ಎನಿಸಿಕೊಂಡಿತು. ಆದರೂ ಜನ ನುಗ್ಗುವುದು ದುಬೈಗೆ. 2024ರಲ್ಲಿ ದುಬೈ ನಿಲ್ದಾಣವನ್ನು ಬಳಸಿದವರು 9.23 ಕೋಟಿ ಮಂದಿ, ಚಾಂಗಿಯನ್ನು ಬಳಸಿದವರು 6.77 ಕೋಟಿ. ಅಂತರರಾಷ್ಟ್ರೀಯ ಪ್ರಯಾಣಿಕರ ಲೆಕ್ಕದಲ್ಲಿ 2014ರಿಂದಲೂ ದುಬೈಯೇ ಮುಂದು. ಅಲ್ಲಿಗೆ ಬರುವವರಲ್ಲಿ ಭಾರತದ ಪಾಲೇ ಎಲ್ಲಕ್ಕಿಂತ ದೊಡ್ಡದು, 2024ರಲ್ಲಿ ಸುಮಾರು 1.2 ಕೋಟಿ. ಚಂದದ ನಿಲ್ದಾಣ ಒಂದು ಕಡೆ, ಜನಜಾತ್ರೆ ಇನ್ನೊಂದು ಕಡೆ. ಹೀಗೇಕೆ ಎಂದು ಕೇಳಿದರೆ ಆ ತಾಯಿಗೆ ಹೇಳಬೇಕಾದ ಉತ್ತರದ ಎಳೆ ಸಿಗುತ್ತದೆ.

ಎರಡೂ ಪುಟ್ಟ ನಗರಗಳು. ಒಳನಾಡಿನ ವಿಮಾನಯಾನ ಎಂಬುದೇ ಇಬ್ಬರಿಗೂ ಇಲ್ಲ. ಪರದೇಶದವರು ಬಂದಿಳಿದು ಮತ್ತೆ ಏರಿದರಷ್ಟೇ ನಿಲ್ದಾಣದ ಹೊಟ್ಟೆ ತುಂಬುತ್ತದೆ. ಆದರೆ ಇಬ್ಬರೂ ಹಿಡಿದ ದಾರಿ ಬೇರೆ ಬೇರೆ. ದುಬೈ ನಿಲ್ದಾಣ 1960ರಲ್ಲಿ ಶುರುವಾದಾಗ ಅದರ ರನ್‌ವೇ ಗಟ್ಟಿಯಾಗಿ ಒತ್ತಿದ ಮರಳು. 1985ರಲ್ಲಿ ಎಮಿರೇಟ್ಸ್ ಕಂಪನಿ ಪಾಕಿಸ್ತಾನದಿಂದ ಬಾಡಿಗೆಗೆ ತಂದ ವಿಮಾನಗಳಿಂದ ಹಾರಾಟ ಆರಂಭಿಸಿತು. ಮೊದಲ ಊರುಗಳಲ್ಲಿ ಕರಾಚಿಯೂ ಇತ್ತು, ನಮ್ಮ ಮುಂಬೈಯೂ ಇತ್ತು. ಇವತ್ತಿಗೂ ಆ ವಿಮಾನ ಕಂಪನಿಗೂ ದುಬೈಯ ನಿಲ್ದಾಣಗಳನ್ನು ನಡೆಸುವ ಸಂಸ್ಥೆಗೂ ಅಧ್ಯಕ್ಷರು ಒಬ್ಬರೇ, ಶೇಖ್ ಅಹ್ಮದ್ ಬಿನ್ ಸಯೀದ್ ಅಲ್ ಮಕ್ತೂಮ್. 2008ರಲ್ಲಿ ತೆರೆದ ಟರ್ಮಿನಲ್ 3 ಎಮಿರೇಟ್ಸ್‌ಗೆಂದೇ ಕಟ್ಟಿದ್ದು. 2013ರಲ್ಲಿ ಅದಕ್ಕೆ ಸೇರಿದ ‘ಎ’ ಕಾನ್‌ಕೋರ್ಸ್ ಎರಡು ಮಹಡಿಯ ಎ380 ವಿಮಾನಗಳ ಅಳತೆಗೇ ಹೊಲಿದ ಅಂಗಿ. ಅಂದರೆ ದುಬೈಯಲ್ಲಿ ವಿಮಾನದ ವೇಳೆ ಮೊದಲು, ಕಟ್ಟಡ ಆಮೇಲೆ.

ಇದರ ಪರಿಣಾಮ ಕಣ್ಣಿಗೆ ಕಾಣಬೇಕಾದರೆ ನಡುರಾತ್ರಿ ಅಲ್ಲಿ ಇಳಿಯಬೇಕು. ಭಾರತದಿಂದ, ಪಾಕಿಸ್ತಾನದಿಂದ, ಬಾಂಗ್ಲಾದೇಶದಿಂದ ವಿಮಾನಗಳು ಅಲೆ ಅಲೆಯಾಗಿ ಬಂದಿಳಿಯುತ್ತವೆ. ಒಂದೆರಡು ಗಂಟೆ ಕಳೆಯುವಷ್ಟರಲ್ಲಿ ಅದೇ ಜನ ಲಂಡನ್ನಿಗೆ, ಲಾಗೋಸಿಗೆ, ಹ್ಯೂಸ್ಟನ್ನಿಗೆ ಹಂಚಿಹೋಗುತ್ತಾರೆ. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ರಾತ್ರಿ ಹತ್ತರ ಹೊತ್ತಿಗೆ ಮಲೆನಾಡಿನ, ಕರಾವಳಿಯ, ಉತ್ತರ ಕರ್ನಾಟಕದ ಬಸ್ಸುಗಳೆಲ್ಲ ಒಟ್ಟಿಗೆ ಎಂಜಿನ್ ಗುರುಗುಟ್ಟಿಸುವುದಿಲ್ಲವೇ, ಹಾಗೆ. ಬೆಳಗಿನ ಜಾವ ಎರಡು ಗಂಟೆಗೆ ಅಂಗಡಿಗಳು ಝಗಝಗಿಸುತ್ತಿರುತ್ತವೆ, ಕೂರಲು ಮಾತ್ರ ಕುರ್ಚಿ ಹುಡುಕಬೇಕು. ಕೆಲವೊಮ್ಮೆ ವಿಮಾನ ದೂರದಲ್ಲಿ ನಿಂತು ಬಸ್ಸಿನಲ್ಲಿ ಟರ್ಮಿನಲ್ ತಲುಪಬೇಕಾಗುತ್ತದೆ. ಇಳಿದವರೆಲ್ಲ ಒಂದೇ ಹೊತ್ತಿಗೆ ಟ್ರಾನ್ಸಿಟ್ ತಪಾಸಣೆಯ ಸಾಲಿಗೆ ಬೀಳುತ್ತಾರೆ. ಇಷ್ಟೆಲ್ಲ ಹೇಳಿಯೂ ಒಂದು ಮಾತು ಒಪ್ಪಬೇಕು: ನಾವು ಗೊಣಗುವ ಆ ಗದ್ದಲದಿಂದಲೇ ಒಂದೇ ಇಳಿತದಲ್ಲಿ ಜಗತ್ತಿನ ಯಾವ ಮೂಲೆಗಾದರೂ ಹೋಗುವ ಸವಲತ್ತು ಹುಟ್ಟಿರುವುದು. ಎಲ್ಲರೂ ಒಟ್ಟಿಗೆ ಬಂದರೆ ತಾನೇ ಎಲ್ಲರಿಗೂ ಎಲ್ಲ ಕಡೆಯ ವಿಮಾನ ಸಿಗುವುದು?

ಚಾಂಗಿಯ ಕತೆ ಇನ್ನೊಂದು ಥರ. 1970ರ ದಶಕದಲ್ಲಿ ಸಿಂಗಪುರದ ನಿಲ್ದಾಣ ಊರೊಳಗಿನ ಪಾಯ ಲೇಬರ್‌ನಲ್ಲಿತ್ತು. ಅಲ್ಲೇ ಇನ್ನೊಂದು ರನ್‌ವೇ ಹಾಕಿ ಎಂಬ ಸಲಹೆ ಬಂದಿತ್ತು. ಬಾಸ್ಟನ್ನಿನಲ್ಲಿ ವಿಮಾನಗಳು ನೀರಿನ ಮೇಲಿಂದ ಬಂದಿಳಿಯುವುದನ್ನು ಕಂಡಿದ್ದ ಪ್ರಧಾನಿ ಲೀ ಕುವಾನ್ ಯೂ ಅವರಿಗೆ ಊರಿನ ನೆತ್ತಿಯ ಮೇಲಿನ ಸದ್ದು ಬೇಡವಾಗಿತ್ತು. 1975ರಲ್ಲಿ ನಿರ್ಧಾರವಾಯಿತು, ಸಮುದ್ರದಂಚನ್ನು ತುಂಬಿ ಚಾಂಗಿ ಕಟ್ಟಿದರು, 1981ರಲ್ಲಿ ತೆರೆಯಿತು. ಸಿಂಗಪುರ್ ಏರ್‌ಲೈನ್ಸ್ ಅಲ್ಲಿನ ದೊಡ್ಡ ಒಕ್ಕಲು ನಿಜ, ಆದರೆ ಮನೆ ಅದೊಂದಕ್ಕಾಗಿ ಕಟ್ಟಿದ್ದಲ್ಲ. ನೂರರ ಆಸುಪಾಸು ಕಂಪನಿಗಳನ್ನು ಒಲಿಸಿಕೊಳ್ಳಬೇಕಾದ ನಿಲ್ದಾಣ ಕಟ್ಟಕಡೆಗೆ ಒಲಿಸಿಕೊಂಡದ್ದು ಕಾಯುತ್ತ ಕೂತ ಪ್ರಯಾಣಿಕನನ್ನು.

ಹಾಗಾಗಿಯೇ ಚಿಟ್ಟೆಗಳ ತೋಟ, ಪುಕ್ಕಟೆ ಸಿನಿಮಾ, ಕಾಲಡಿಯ ಮೆತ್ತನೆಯ ಕಾರ್ಪೆಟ್ಟು. 2019ರಲ್ಲಿ ತೆರೆದ ‘ಜ್ಯುವೆಲ್’ ಮಳಿಗೆ ಸಂಕೀರ್ಣದ 40 ಮೀಟರ್ ಜಲಧಾರೆಯ ಫೋಟೊ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಜೋಗಕ್ಕಿಂತ ಹೆಚ್ಚು ಓಡಾಡಿದೆ. ಆದರೆ ಅದು ಇಮಿಗ್ರೇಷನ್ ದಾಟಿದವರಿಗೆ. ವೀಸಾ ಇಲ್ಲದೆ ಒಳಗೇ ಉಳಿದ ಟ್ರಾನ್ಸಿಟ್ ಪ್ರಯಾಣಿಕರಿಗಲ್ಲ. ನನ್ನ ಕಣ್ಣಿಗೆ ಚಾಂಗಿಯ ನಿಜವಾದ ಜಾಣತನ ಜಲಪಾತದಲ್ಲಿಲ್ಲ, ಶೌಚಾಲಯದ ಬಾಗಿಲಲ್ಲಿದೆ. ಅಲ್ಲೊಂದು ಪುಟ್ಟ ಪರದೆ ಇದೆ. ಗಲೀಜಾಗಿದ್ದರೆ, ಕಾಗದ ಮುಗಿದಿದ್ದರೆ ಒತ್ತಿ ಹೇಳಬಹುದು, ಹೇಳಿದ್ದು ತಕ್ಷಣ ಶುಚಿ ಮಾಡುವವರಿಗೆ ಮುಟ್ಟುತ್ತದೆ. ಇದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ, ಕೇಳಿಸಿಕೊಳ್ಳುವ ಮನಸ್ಸು ಬೇಕು.

ಇನ್ನೊಂದು ಸಣ್ಣ ವ್ಯತ್ಯಾಸ ಪ್ರಯಾಣಿಕರಿಗೆ ದೊಡ್ಡದಾಗಿ ತಟ್ಟುತ್ತದೆ. ಚಾಂಗಿಯ ಟರ್ಮಿನಲ್ 1, 2, 3ರಲ್ಲಿ ಭದ್ರತಾ ತಪಾಸಣೆ ಗೇಟಿನ ಬಾಯಲ್ಲೇ ನಡೆಯುತ್ತದೆ. ಅಲ್ಲಿಯವರೆಗೆ ಆರಾಮಾಗಿ ಸುತ್ತಬಹುದು, ಆದರೆ ಅಂಗಡಿಯಲ್ಲಿ ಕೊಂಡ ನೀರಿನ ಬಾಟಲಿ ಗೇಟಿನೊಳಕ್ಕೆ ಹೋಗದು. ದುಬೈಯಲ್ಲಿ ಇಳಿದ ಕೂಡಲೇ ತಪಾಸಣೆ ಮುಗಿಯುತ್ತದೆ, ಅಮೆರಿಕದ ವಿಮಾನಕ್ಕಾದರೆ ಗೇಟಿನಲ್ಲಿ ಮತ್ತೊಮ್ಮೆ ಕೈಚೀಲ ಬಿಚ್ಚಿಸುವುದೂ ಉಂಟು. ಲೇಓವರ್ ಗಂಟೆ, ಒಂದೂವರೆ ಗಂಟೆ ಅಷ್ಟೇ ಇದ್ದರೆ ಇಂಥವೇ ಎದೆಬಡಿತ ಏರಿಸುವುದು.

ಎರಡನ್ನೂ ಅನುಭವಿಸಿ ನೋಡಿದ ದೊಡ್ಡ ಗಿರಾಕಿಯೊಬ್ಬರಿದ್ದಾರೆ: ಆಸ್ಟ್ರೇಲಿಯಾದ ವಿಮಾನ ಕಂಪನಿ ಕ್ವಾಂಟಸ್. ಸಿಡ್ನಿ–ಲಂಡನ್ ವಿಮಾನಗಳು ಬಹುಕಾಲ ಸಿಂಗಪುರದಲ್ಲಿ ಇಳಿದು ಹೋಗುತ್ತಿದ್ದವು. 2013ರಲ್ಲಿ ಎಮಿರೇಟ್ಸ್ ಜೊತೆ ಕೈಜೋಡಿಸಿ ಕ್ವಾಂಟಸ್ ಆ ತಂಗುದಾಣವನ್ನು ದುಬೈಗೆ ಒಯ್ದಿತು. ಅಲ್ಲಿಂದ ಯುರೋಪಿನ ಹತ್ತಾರು ಊರುಗಳಿಗೆ ದಾರಿ ತೆರೆಯಿತು. ಐದು ವರ್ಷ ಕಳೆದ ಮೇಲೆ, 2018ರಲ್ಲಿ, ಲಂಡನ್ ವಿಮಾನ ಮತ್ತೆ ಸಿಂಗಪುರಕ್ಕೆ ಮರಳಿತು. ಎಮಿರೇಟ್ಸ್ ಜೊತೆಗಿನ ನಂಟನ್ನೂ ಬಿಡಲಿಲ್ಲ. ತವರನ್ನೂ ಬಿಡದ, ಗಂಡನ ಮನೆಯನ್ನೂ ಬಿಡದ ಜಾಣೆಯ ನಡೆ ಇದು.

ಮತ್ತೆ ಆ ತಾಯಿಯ ಪ್ರಶ್ನೆಗೆ ಬರೋಣ. ಒಂದೇ ಟಿಕೆಟ್ಟಿನಲ್ಲಿ ಲಗೇಜು ಕೊನೆಯವರೆಗೆ ಹೋಗುವಂತಿದ್ದರೆ, ಭಾರತೀಯ ಪಾಸ್‌ಪೋರ್ಟಿನವರು ಎರಡೂ ಕಡೆ ವೀಸಾ ಇಲ್ಲದೆ ಒಳಗೇ ವಿಮಾನ ಬದಲಿಸಬಹುದು. ಹಣ ಉಳಿಸಲು ಬೇರೆ ಬೇರೆ ಟಿಕೆಟ್ ಕೊಂಡರೆ ಮಾತ್ರ ಫಜೀತಿ. ಪೆಟ್ಟಿಗೆ ತೆಗೆದುಕೊಳ್ಳಲು ಹೊರಗೆ ಹೋಗಬೇಕು, ಹೊರಗೆ ಹೋಗಲು ವೀಸಾ ಬೇಕು. ಅಮೆರಿಕದ ವೀಸಾ ಇದ್ದವರಿಗೆ, ಷರತ್ತುಗಳಿಗೆ ಒಳಪಟ್ಟು, ಸಿಂಗಪುರ 96 ಗಂಟೆ ವೀಸಾರಹಿತವಾಗಿ ಬಿಡುತ್ತದೆ, ದುಬೈ ಇಳಿದ ಮೇಲೆ ವೀಸಾ ಕೊಡುತ್ತದೆ. ಐದೂವರೆ ಗಂಟೆಗಿಂತ ಹೆಚ್ಚು ಲೇಓವರ್ ಇದ್ದು ಊರೊಳಕ್ಕೆ ಹೋಗುವ ಅರ್ಹತೆ ಇದ್ದರೆ ಚಾಂಗಿ ಪುಕ್ಕಟೆಯಾಗಿ ನಗರ ಸುತ್ತಿಸಿ ತರುತ್ತದೆ.

ಇಂಗ್ಲಿಷ್ ಬಾರದ ಹಿರಿಯರಿಗೆ ಇದ್ಯಾವುದೂ ಮುಖ್ಯವಲ್ಲ. ನಮ್ಮವರು ಟಿಕೆಟ್ ಮಾಡುವಾಗ ವೀಲ್‌ಚೇರ್ ಬರೆಸುತ್ತಾರೆ. ಎಷ್ಟೋ ಸಲ ಕಾಲುನೋವಿಗೆ ಅಲ್ಲ, ದಾರಿ ತಪ್ಪೀತೆಂಬ ಭಯಕ್ಕೆ. ಆ ಕುರ್ಚಿ ತಳ್ಳುವವನೇ ಅವರ ಭಾಷೆ, ಅವರ ಬೋರ್ಡು, ಅವರ ಧೈರ್ಯ. ದುಬೈಯಲ್ಲಿ ಅವನು ಹಿಂದಿ, ಉರ್ದು, ಮಲಯಾಳ ಆಡುವವನಾಗಿರುವ ಸಾಧ್ಯತೆ ಹೆಚ್ಚು. ಇದೊಂದು ಕಾರಣಕ್ಕೆ, ಪ್ರಶಸ್ತಿಗಳೇನೇ ಹೇಳಲಿ, ಒಂಟಿಯಾಗಿ ಹೊರಟ ತಾಯಿಗೆ ನಾನು ದುಬೈ ಎನ್ನುತ್ತೇನೆ. ಆದರೆ ನಡುವೆ ಮೂರು ಗಂಟೆಯಾದರೂ ಬಿಡುವಿರಬೇಕು. ಮಕ್ಕಳನ್ನು ಕಟ್ಟಿಕೊಂಡು ಆರೇಳು ಗಂಟೆ ಕಾಯಬೇಕಾದವರಿಗೆ ಚಾಂಗಿ, ಅದರಲ್ಲಿ ಎರಡು ಮಾತಿಲ್ಲ.

ದುಬೈ ಎಂದಾಗ ಬೆಂಗಳೂರಿಗರಿಗೆ ನೆನಪಾಗದ ಇನ್ನೊಬ್ಬ ಪ್ರಯಾಣಿಕನಿದ್ದಾನೆ. ಮಂಗಳೂರಿನಿಂದ, ಉಡುಪಿಯಿಂದ, ಭಟ್ಕಳದಿಂದ ಹೋಗುವವನಿಗೆ ದುಬೈ ತಂಗುದಾಣವಲ್ಲ, ತಲುಪುದಾಣ. ಅಗ್ಗದ ವಿಮಾನದಲ್ಲಿ ಹೋಗಿ ರನ್‌ವೇಯ ಆಚೆ ಬದಿಯ ಟರ್ಮಿನಲ್ 2ರಲ್ಲಿ ಇಳಿದರೆ ಅವನಿಗೆ ಮೆಟ್ರೊ ಇಲ್ಲ; ಮೆಟ್ರೊ ಇರುವುದು 1 ಮತ್ತು 3ಕ್ಕೆ. ಆದರೂ ನಿಲ್ದಾಣ ಊರೊಳಗೇ ಇರುವುದರಿಂದ ದೇರಾದಲ್ಲೋ ಕುಸೈಸ್‌ನಲ್ಲೋ ಇರುವ ರೂಮು ಹತ್ತಿರ. 

ಲೀ ಕುವಾನ್ ಯೂ 1975ರಲ್ಲಿ ಇತ್ಯರ್ಥ ಮಾಡಿದ ಪ್ರಶ್ನೆ ದುಬೈಗೆ ಈಗ ಎದುರಾಗಿದೆ. ಊರು ಸುತ್ತುವರಿದಿದೆ, ಎರಡು ರನ್‌ವೇಗಳು ಒಂದಕ್ಕೊಂದು ತೀರಾ ಹತ್ತಿರ, ಬೆಳೆಯಲು ಜಾಗವಿಲ್ಲ. 2024ರ ಏಪ್ರಿಲ್ 16ರ ದಾಖಲೆ ಮಳೆಗೆ ರನ್‌ವೇ ಕೆರೆಯಾಗಿ ಸಾವಿರಾರು ಜನ ಸಿಕ್ಕಿಕೊಂಡರು. ಅದೇ ತಿಂಗಳ ಕೊನೆಗೆ ಊರಾಚೆ ಇರುವ ದುಬೈಯ ಇನ್ನೊಂದು ನಿಲ್ದಾಣ ಅಲ್ ಮಕ್ತೂಮ್‌ನಲ್ಲಿ 128 ಶತಕೋಟಿ ದಿರ್ಹಮ್ ವೆಚ್ಚದ ಹೊಸ ಟರ್ಮಿನಲ್‌ಗೆ ಒಪ್ಪಿಗೆ ಸಿಕ್ಕಿತು. ಐದು ರನ್‌ವೇ, ವರ್ಷಕ್ಕೆ 26 ಕೋಟಿ ಪ್ರಯಾಣಿಕರ ಸಾಮರ್ಥ್ಯ. ಈಗಿನ ನಿಲ್ದಾಣದ ಕೆಲಸವೆಲ್ಲ ಹತ್ತು ವರ್ಷದಲ್ಲಿ ಅಲ್ಲಿಗೆ ಹೋಗಬೇಕೆಂಬ ಯೋಜನೆ. ಚಾಂಗಿ ತನ್ನ ಐದನೇ ಟರ್ಮಿನಲ್ಲಿಗೆ 2025ರ ಮೇ ತಿಂಗಳಲ್ಲಿ ಗುದ್ದಲಿಪೂಜೆ ಮಾಡಿದ್ದು ಇದ್ದ ಜಾಗದ ಪಕ್ಕದಲ್ಲೇ.

ಎಚ್‌ಎಎಲ್‌ನಿಂದ ಊರಾಚೆಯ ದೇವನಹಳ್ಳಿಗೆ 2008ರಲ್ಲಿ ನಿಲ್ದಾಣ ಹೋದಾಗ ಏನಾಯಿತೆಂದು ಬೆಂಗಳೂರಿನವರಿಗೆ ಹೇಳಬೇಕಿಲ್ಲ. ದುಬೈ ದಾಟಿ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವ ತಾಯಿಗೆ ನಿಲ್ದಾಣ ಜಾಗ ಬದಲಿಸಿದ್ದು ಗೊತ್ತೂ ಆಗದು. ಆದರೆ ದೇರಾದ ರೂಮಿನಿಂದ ಹೊಸ ಜಾಗ ಸುಮಾರು 50 ಕಿ.ಮೀ. ಎರಡು ವರ್ಷಕ್ಕೊಮ್ಮೆ ರಜೆಗೆ ಊರಿಗೆ ಹೊರಡುವವನು, ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳನ್ನು ಹೇರಿಕೊಂಡು, ಅಷ್ಟು ದೂರಕ್ಕೆ ಟ್ಯಾಕ್ಸಿಯವನ ಜೊತೆ ಬಾಡಿಗೆಯ ಲೆಕ್ಕ ಹಾಕಬೇಕಾಗುತ್ತದೆ.