2.20 ಅಂದರೆ ಎಷ್ಟು?

ಆಂಧ್ರದ ಅಡಂಗಲ್‌ನಲ್ಲಿ 2.20 ಅಂದರೆ ಎರಡು ಎಕರೆ ಇಪ್ಪತ್ತು ಸೆಂಟ್. ಕರ್ನಾಟಕದ ಪಹಣಿಯಲ್ಲಿ ಅದೇ 2.20 ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಅಲ್ಲಿ ಎಕರೆಗೆ ನೂರು ಸೆಂಟ್, ಇಲ್ಲಿ ನಲವತ್ತು ಗುಂಟೆ. ಇವೆರಡನ್ನೂ ಒಂದು ವೆಬ್ ಪುಟದ ಒಂದೇ ಕಾಲಂನಲ್ಲಿ, ಚುಕ್ಕೆಯ ಕೆಳಗೆ ಚುಕ್ಕೆ ಬರುವಂತೆ ನಿಲ್ಲಿಸಿದರೆ ನೋಡಲು ಬಲು ಚೆಂದ. ಆ ಚೆಂದದಲ್ಲಿ ಮೂವತ್ತು ಸೆಂಟ್ ಜಮೀನು ಮಾಯವಾಗಿರುತ್ತದೆ.

ಎರಡು ರಾಜ್ಯಗಳ ದಾಖಲೆ ಒಂದೇ ಪುಟಕ್ಕೆ ಬರುವುದು ಅಪರೂಪವೇನಲ್ಲ. ತುಂಗಭದ್ರಾ ಕಾಲುವೆಗೆ ನೀರು ಬಂದ ಮೇಲೆ ಕರಾವಳಿ ಆಂಧ್ರದ ರೈತರು ಸಿಂಧನೂರು, ಗಂಗಾವತಿ ಕಡೆ ಜಮೀನು ಕೊಂಡು ನೆಲೆಸಿದರು. ಅವರ ಊರುಗಳಿಗೆ ಇವತ್ತಿಗೂ ಕ್ಯಾಂಪ್ ಎಂದೇ ಹೆಸರು. ಈಗ ಮೊಮ್ಮಕ್ಕಳ ಕಾಲ. ಒಬ್ಬರು ವಿಜಯವಾಡದಲ್ಲಿ, ಒಬ್ಬರು ಕ್ಯಾಂಪಿನಲ್ಲಿ, ಒಬ್ಬರು ಎಲ್ಲೋ ಹೊರದೇಶದಲ್ಲಿ. ಪಾಲಿನ ಮಾತು ಬಂದಾಗ ಪಹಣಿಯನ್ನು ತೆಲುಗಿಗೆ ತರುವ ಕೆಲಸ ನನ್ನಂಥವರ ಮೇಜಿಗೆ ಬರುತ್ತದೆ. ಈಚೆಗೆ ಅಂಥದೊಂದು ವಿಜಯವಾಡದ ಕುಟುಂಬ, ಎಲ್ಲ ಸರ್ವೆ ನಂಬರುಗಳನ್ನೂ ಎಲ್ಲರೂ ನೋಡಬಹುದಾದ ಒಂದು ಪುಟದಲ್ಲಿ ಹಾಕಿಸಿಕೊಂಡಿತು. ಡೇಟಾಬೇಸ್ ಮತ್ತು ಪುಟ ವಿಶಾಖಪಟ್ಟಣದ ಒಬ್ಬ ಹುಡುಗನದು, ಹೆಸರು ಮತ್ತು ತಲೆಬರಹಗಳು ನನ್ನವು.

ಸಂಖ್ಯೆಗಳನ್ನು ಚುಕ್ಕೆಗೆ ಸರಿಯಾಗಿ ಜೋಡಿಸಬೇಕು ಎಂಬುದು ಆ ಹುಡುಗನ ಪಟ್ಟು. ರೂಪಾಯಿ ಪೈಸೆಗೆ ಅದು ಸರಿಯಾದ ಪಾಠವೇ. ಆದರೆ ಪಹಣಿಯ ಚುಕ್ಕೆ ದಶಮಾಂಶದ ಚುಕ್ಕೆಯಲ್ಲ, ಎರಡು ಅಳತೆಗಳ ನಡುವಿನ ಬೇಲಿ. ಗುಂಟೆಯ ಕೆಳಗೆ ಹದಿನಾರರ ಲೆಕ್ಕದಲ್ಲಿ ಆಣೆಯೂ ಇದೆ, ಅದಕ್ಕೆ ಇನ್ನೊಂದು ಚುಕ್ಕೆ. ಇದನ್ನು ಡೇಟಾಬೇಸಿಗೆ ಮಾಮೂಲಿ ಸಂಖ್ಯೆಯಾಗಿ ಕೊಟ್ಟು ನೋಡಿ. ಕೊನೆಯ ಸೊನ್ನೆಗೆ ಬೆಲೆ ಇಲ್ಲವೆಂದು ಅದು 2.20 ಅನ್ನು 2.2 ಮಾಡಬಹುದು. ಓದುವವರಿಗೆ ಎರಡು ಎಕರೆ ಎರಡು ಗುಂಟೆ. ಹದಿನೆಂಟು ಗುಂಟೆ ಹೋಯಿತು. ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಲು ಹೇಳಿದರೆ 2.5 ಎಂದು ಬರೆದ ಎರಡೆಕರೆ ಐದು ಗುಂಟೆ, 2.30ಕ್ಕಿಂತ ಮೇಲೆ ಹೋಗಿ ಕೂರುತ್ತದೆ. ಮೊತ್ತವಂತೂ ಕೇಳಲೇಬೇಡಿ. ಒಂದು ಎಕರೆ ಮೂವತ್ತು ಗುಂಟೆಯ ಎರಡು ತುಂಡು ಕೂಡಿದರೆ ಮೂರೂವರೆ ಎಕರೆ. ಪುಟದ ಅಡಿಯಲ್ಲಿ ಬರುವುದು 2.60.

ಹಾಗಾದರೆ ಎಲ್ಲವನ್ನೂ ಸೆಂಟಿಗೆ ತಿರುಗಿಸಿಬಿಡಿ, ಒಂದು ಗುಂಟೆಗೆ ಎರಡೂವರೆ ಸೆಂಟ್ ತಾನೇ, ಎನ್ನುವವರಿದ್ದಾರೆ. ಗಣಿತ ಸರಿ. ಆದರೆ ಕ್ಯಾಂಪಿನಲ್ಲಿರುವ ಅಣ್ಣ ತನ್ನ ಕೈಯಲ್ಲಿರುವ ಪಹಣಿಯನ್ನು ಫೋನಿನ ಪಕ್ಕ ಹಿಡಿದು ನೋಡುತ್ತಾರೆ. ಅಲ್ಲಿರುವ ಅಂಕಿ ಇಲ್ಲಿ ಸಿಗದಿದ್ದರೆ ತಮ್ಮನ ಮೇಲೆಯೇ ಅನುಮಾನ. ನನ್ನ ಪ್ರಕಾರ ಎಕರೆಗೆ ಒಂದು ಕಾಲಂ, ಗುಂಟೆಗೆ ಒಂದು, ಸೆಂಟಿಗೆ ಬೇರೆಯೇ ಒಂದು ಬೇಕು. ಕೂಡುವ ಲೆಕ್ಕಕ್ಕೆ ಪರಿವರ್ತಿಸಿದ ಅಂಕಿ ಕೊನೆಯಲ್ಲಿರಲಿ. ಅರ್ಧದಷ್ಟು ಖಾನೆ ಖಾಲಿ ಉಳಿಯುತ್ತವೆ, ಪುಟ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತದೆ. ಕಾಣಲಿ. ಒಂದರ ಕೆಳಗೊಂದು ನಿಂತದ್ದನ್ನು ಕಣ್ಣು ಒಂದೇ ಜಾತಿಯದೆಂದು ನಂಬುತ್ತದೆ. ನಿಲ್ಲಿಸುವವರು ಆ ನಂಬಿಕೆಗೆ ಜವಾಬ್ದಾರರು.

ಹೆಸರಿನ ಕಾಲಂನದು ಬೇರೆ ಕಥೆ. ತೆಲುಗಿನವರು ವಿಶಾಖಪಟ್ನಂ ಎಂದು ಬರೆದರೆ ಐದಕ್ಷರ, ವಿಜಯವಾಡವೂ ಐದೇ ಅಕ್ಷರ. ಯೂನಿಕೋಡಿನ ಎಣಿಕೆಯಲ್ಲಿ ಮಾತ್ರ ಮೊದಲನೆಯದು ಹತ್ತು, ಎರಡನೆಯದು ಏಳು. ನಾವು ಒಂದೇ ಅಕ್ಷರವೆನ್ನುವ ‘ಟ್ನಂ’ ಅದಕ್ಕೆ ನಾಲ್ಕು: ಟ, ಅರ್ಧಾಕ್ಷರದ ಗುರುತು, ನ, ಸೊನ್ನೆ. ಇಂಗ್ಲಿಷಿನ ಸಮ ಅಗಲದ ಅಕ್ಷರಗಳಿಗೆ ಮಾಡಿದಂತೆ ಹೆಸರಿನ ಮುಂದೆ ಖಾಲಿ ಜಾಗ ತುಂಬಿ ಕಾಲಂ ನೆಟ್ಟಗೆ ಮಾಡಲು ಹೊರಟರೆ ಕನ್ನಡವೂ ತೆಲುಗೂ ಅತ್ತಿತ್ತ ವಾಲುತ್ತವೆ. ಅದು ಬರೀ ಸೊಟ್ಟ, ಸಹಿಸಬಹುದು. ಕತ್ತರಿಸುವುದನ್ನು ಸಹಿಸಲಾಗದು. ಹತ್ತಕ್ಕೆ ನಿಲ್ಲಿಸು ಎಂದರೆ ಕೃಷ್ಣಮೂರ್ತಿ ಕೃಷ್ಣಮೂರ್ತ ಆಗುತ್ತಾರೆ. ಹೆಸರಿನ ಒಂದು ಗುಡಿಸು ವ್ಯತ್ಯಾಸವಾದರೂ ಅಫಿಡವಿಟ್ ಕೇಳುವ ಕಚೇರಿಗಳಿರುವ ನಾಡಿನಲ್ಲಿ ಇದು ತಮಾಷೆಯಲ್ಲ. ಹೆಸರು ಉದ್ದವಾದರೆ ಎರಡನೇ ಸಾಲಿಗೆ ಇಳಿಯಲಿ. ಎಚ್‌ಟಿಎಂಎಲ್ ಟೇಬಲ್‌ನಲ್ಲಿ ಅದು ತಾನಾಗಿಯೇ ಆಗುವ ಕೆಲಸ, ತಡೆಯದಿದ್ದರೆ ಸಾಕು.

ಇನ್ನೊಂದು ಸಂಗತಿಗೆ ನಾನು ಸ್ವಲ್ಪ ಹೆಚ್ಚೇ ವಾದಿಸಿದೆ. ಪಹಣಿಯ ಕಾಲಂ ನಂಬರುಗಳು ನಮ್ಮಲ್ಲಿ ಆಡುಮಾತಿಗೇ ಇಳಿದಿವೆ. ಒಂಬತ್ತರಲ್ಲಿ ಯಾರ ಹೆಸರಿದೆ, ಹನ್ನೊಂದರಲ್ಲಿ ಬ್ಯಾಂಕಿನ ಸಾಲ ಕಾಣುತ್ತಿದೆಯಾ ಎಂದು ರೈತರು ಕೇಳುತ್ತಾರೆ. ಹಕ್ಕು, ಋಣ ಎಂಬ ತಲೆಬರಹವನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ. ಹೊಸ ಪುಟದಲ್ಲಿ ಕಾಲಂಗಳನ್ನು ಅನುಕೂಲಕ್ಕೆ ತಕ್ಕಂತೆ ಹಿಂದೆ ಮುಂದೆ ಮಾಡಿ ನಂಬರು ಅಳಿಸಿದರೆ, ತೆಲುಗಿನ ತಲೆಬರಹ ಎಷ್ಟೇ ಶುದ್ಧವಾಗಿರಲಿ, ಕ್ಯಾಂಪಿನವರಿಗೆ ದಾರಿ ತಪ್ಪುತ್ತದೆ. ಅನುವಾದವಾದ ತಲೆಬರಹದ ಪಕ್ಕದಲ್ಲಿ 9, 11 ಹಾಗೇ ಉಳಿದವು.

ಫೋನಿನ ಪರದೆಗೆ ಇಷ್ಟೆಲ್ಲ ಕಾಲಂ ಹಿಡಿಸುವುದಿಲ್ಲ, ಅದು ನಿಜವಾದ ತೊಂದರೆ. ಅಲ್ಲಿ ಸಾಲುಗಳನ್ನು ಬಿಡಿಸಿ, ಒಂದೊಂದು ಸರ್ವೆ ನಂಬರನ್ನೂ ಒಂದೊಂದು ಚೀಟಿಯಂತೆ ತೋರಿಸುವುದೆಂದು ತೀರ್ಮಾನವಾಯಿತು. ಪ್ರತಿ ಅಂಕಿಯ ಪಕ್ಕದಲ್ಲೂ ಎಕರೆ, ಗುಂಟೆ, ಸೆಂಟ್ ಎಂದು ಪೂರ್ತಿಯಾಗಿ ಬರೆದಿದೆ.