ಸಂಶೋಧನಾ ಪ್ರಬಂಧವೂ ಒಂದು ಕಾಯಕ



ಕಳೆದ ತಿಂಗಳು ನಮ್ಮೂರ ಮಠದಲ್ಲಿ ಶಿವಾನುಭವ ಗೋಷ್ಠಿ ಮುಗಿದು ಪ್ರಸಾದಕ್ಕೆ ಕುಳಿತಿದ್ದೆವು. ಕಾಲೇಜಿನಲ್ಲಿ ಪಾಠ ಮಾಡುವ ನಮ್ಮ ಓಣಿಯ ಹುಡುಗ ಪಕ್ಕದಲ್ಲಿ ಬಂದು ಕುಳಿತ. “ಕಾಕಾರ, ನನ್ನ ಪೇಪರ್ ಜರ್ನಲ್‌ನ್ಯಾಗ ಬಂತ್ರಿ. ಕಳಿಸಿದ ಮೂರ ದಿನಕ್ಕ ಒಪ್ಪಿಗಿ ಸಿಕ್ತು” ಎಂದ. “ಚೊಲೊ ಆತು. ಪರಿಶೀಲಕರು ಏನೇನ್ ಪ್ರಶ್ನೆ ಕೇಳಿದ್ರಪಾ?” ಎಂದೆ. “ಏನೂ ಕೇಳಲಿಲ್ರಿ. ರೊಕ್ಕ ಕಟ್ಟಿದೆ, ಆತು.” ಮೊಬೈಲಿನಲ್ಲಿ ಪ್ರಬಂಧ ತೋರಿಸಿದ. ಮೇಲೆ ನಾಲ್ವರ ಹೆಸರು. ಬರೆದವನು ಅವನೊಬ್ಬನೇ.

ಅವನನ್ನು ಬೈಯುವ ಅಧಿಕಾರ ನನಗಿಲ್ಲ. ನಾನು ಕಾರ್ಯನಿರ್ವಾಹಕ ಇಂಜಿನಿಯರ್ ಆಗಿದ್ದಾಗ ಕಿರಿಯ ಸಹೋದ್ಯೋಗಿಯೊಬ್ಬರು ತಮ್ಮ ಪ್ರಬಂಧದಲ್ಲಿ ನನ್ನ ಹೆಸರನ್ನೇ ಮೊದಲು ಹಾಕಿದ್ದರು. ನಾನು ಬೇಡವೆನ್ನಲಿಲ್ಲ, ಅದನ್ನು ಓದಿಯೂ ಇರಲಿಲ್ಲ. ಸಮ್ಮೇಳನದಲ್ಲಿ ಒಬ್ಬರು ಎದ್ದು, ಎರಡನೆಯ ಕೋಷ್ಟಕದ ಅಂಕಿ ಹೇಗೆ ಬಂತೆಂದು ನನ್ನನ್ನೇ ಕೇಳಿದರು. ಉತ್ತರ ಹೊಳೆಯದೆ ಆ ಕಿರಿಯರ ಮುಖ ನೋಡಿದೆ. ಅಂದಿನ ನಾಚಿಕೆ ಇಂದಿಗೂ ಹೋಗಿಲ್ಲ.

ನಿವೃತ್ತಿಯ ನಂತರ ನಾನೇ ಒಂದು ಪ್ರಬಂಧ ಬರೆಯಲು ಕುಳಿತೆ. ನಮ್ಮ ಸೀಮೆಯ ಒಂದು ಹಳೆಯ ಕೆರೆಯಲ್ಲಿ ಎಷ್ಟು ಹೂಳು ತುಂಬಿದೆ ಎಂಬುದು ವಿಷಯ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಅಂಗಳದುದ್ದಕ್ಕೂ ಚೌಕ ಹಾಕಿ ಲೆವೆಲ್ ತೆಗೆದು, ಹಳೆಯ ನಕ್ಷೆಯ ಮಟ್ಟಗಳೊಂದಿಗೆ ಹೋಲಿಸಿದೆ. ಲೆಕ್ಕ ಚೊಕ್ಕವಾಗಿತ್ತು. ಜರ್ನಲ್‌ಗೆ ಕಳಿಸಿದೆ. ನಾಲ್ಕು ತಿಂಗಳ ನಂತರ ಇಬ್ಬರು ಪರಿಶೀಲಕರ ಹದಿನೇಳು ಪ್ರಶ್ನೆಗಳು ಬಂದವು. ಅದರಲ್ಲೊಂದು: ಹಳೆಯ ನಕ್ಷೆ ತೂಬಿನ ತಳಗಲ್ಲನ್ನು ಸೊನ್ನೆ ಎಂದು ಹಿಡಿದಿದೆ, ಈಗಿರುವುದು ಅದೇ ಕಲ್ಲು ಎಂಬುದಕ್ಕೆ ಆಧಾರವೇನು?

ಮೊದಲು ಸಿಟ್ಟು ಬಂತು. ಮೂವತ್ತು ವರ್ಷ ನೀರಾವರಿಯಲ್ಲಿ ದುಡಿದವನಿಗೆ ಇಂಥ ಪ್ರಶ್ನೆಯೇ ಎಂದುಕೊಂಡೆ. ಆದರೂ ಕೆರೆಗೆ ಹೋಗಿ ಅಲ್ಲಿನ ವಯಸ್ಸಾದ ನೀರಗಂಟಿಯನ್ನು ಕೇಳಿದೆ. “ಅದು ಹೊಸಾ ಕಲ್ಲರಿ ಸಾಹೇಬ್ರ. ರಿಪೇರಿ ಮಾಡಿದಾಗ ಮ್ಯಾಲ ಕುಂದರಿಸ್ಯಾರ. ಹಳೇದು ಕೆಳಗ ಐತಿ” ಎಂದ. ಅಗೆಸಿ ನೋಡಿದರೆ ಹಳೆಯ ಕಲ್ಲು ಒಂದಡಿ ಎರಡಿಂಚು ಕೆಳಗಿತ್ತು. ಇಡೀ ಕೆರೆಯಲ್ಲಿ ಅಷ್ಟು ದಪ್ಪದ ಹೂಳು ನನ್ನ ಲೆಕ್ಕದಿಂದ ತಪ್ಪಿಹೋಗಿತ್ತು. ಹೂಳೆತ್ತುವ ಅಂದಾಜುಪಟ್ಟಿಗೆ ಯಾರಾದರೂ ನನ್ನ ಅಂಕಿಯನ್ನೇ ನಂಬಿದ್ದರೆ?

ಇಲಾಖೆಯಲ್ಲಿ ದುಡಿದವರಿಗೆ ಅಳತೆ ಪುಸ್ತಕ ಗೊತ್ತು. ಕಿರಿಯ ಇಂಜಿನಿಯರ್ ಅಳೆದು ಬರೆಯಬೇಕು, ಮೇಲಿನವರು ಸ್ಥಳಕ್ಕೆ ಹೋಗಿ ಮರುಅಳತೆ ಮಾಡಬೇಕು, ಆಮೇಲೆ ಬಿಲ್ಲು. ಅಳೆಯದೆ ಬರೆಯುವುದೂ ತಪ್ಪು, ನೋಡದೆ ಸಹಿ ಹಾಕುವುದೂ ತಪ್ಪು. ಜರ್ನಲ್‌ನ ಪರಿಶೀಲನೆ ಇಂಥದೇ ಮರುಅಳತೆ. ಮೂರು ದಿನಕ್ಕೆ ಪ್ರಶ್ನೆಯಿಲ್ಲದೆ ಒಪ್ಪಿಗೆ ಬಂದರೆ ಯಾರೂ ಅಳೆದಿಲ್ಲವೆಂದೇ ಅರ್ಥ.

ಇದು ಒಬ್ಬ ಹುಡುಗನ ಮಾತಲ್ಲ. ಯುಜಿಸಿ 2018ರ ಮೇ ತಿಂಗಳಲ್ಲಿ ತನ್ನ ಅನುಮೋದಿತ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ತೆಗೆದುಹಾಕಿತು. 2019ರಲ್ಲಿ ಕೇರ್ ಎಂಬ ಹೊಸ ಪಟ್ಟಿ ತಂದಿತು, 2025ರಲ್ಲಿ ಅದನ್ನೂ ಕೈಬಿಟ್ಟಿತು. ಈಗ ಜರ್ನಲ್‌ನ ಯೋಗ್ಯತೆ ಅಳೆಯುವ ಹೊಣೆ ಕಾಲೇಜು, ವಿಶ್ವವಿದ್ಯಾಲಯಗಳ ಮೇಲೆಯೇ ಬಿದ್ದಿದೆ. ನಮ್ಮ ಮಠಗಳು ನಡೆಸುವ ಕಾಲೇಜುಗಳೂ ಇದಕ್ಕೆ ಹೊರತಲ್ಲ.

ಬರೆಯುವ ತರುಣರಿಗೆ ನನ್ನ ಅನುಭವದಿಂದ ನಾಲ್ಕು ಮಾತು. ಒಂದು ಪ್ರಬಂಧಕ್ಕೆ ಒಂದೇ ಪ್ರಶ್ನೆ ಇರಲಿ. ಕೋಷ್ಟಕ, ನಕ್ಷೆಗಳನ್ನು ಮೊದಲು ಸಿದ್ಧಮಾಡಿ, ಆಮೇಲೆ ವಿಧಾನ, ಫಲಿತಾಂಶ, ಚರ್ಚೆ ಬರೆಯಿರಿ, ಸಾರಾಂಶ ಕೊನೆಗೆ. ವಿಧಾನದ ಭಾಗ ಓದಿದ ಅಪರಿಚಿತನೊಬ್ಬ ಅದೇ ಕೆಲಸ ಮತ್ತೆ ಮಾಡುವಂತಿರಬೇಕು. ಅಳತೆಯಲ್ಲಿ ಎಷ್ಟು ತಪ್ಪು ನುಸುಳಿರಬಹುದು ಎಂಬುದನ್ನು ನೀವೇ ಹೇಳಿರಿ. ಕಳಿಸುವ ಮುನ್ನ ಆ ಜರ್ನಲ್‌ನ ನಾಲ್ಕು ಹಳೆಯ ಪ್ರಬಂಧಗಳನ್ನು ಓದಿರಿ. ಒಂದೇ ಪ್ರಬಂಧವನ್ನು ಏಕಕಾಲಕ್ಕೆ ಎರಡು ಕಡೆ ಕಳಿಸಬೇಡಿರಿ. ಪರಿಶೀಲಕರ ಪ್ರತಿ ಪ್ರಶ್ನೆಗೂ ಉತ್ತರ ಬರೆಯಿರಿ.

ಇನ್ನು ಹೆಸರಿನ ಮಾತು. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಲೇಖಕನಿಗೆ ನಾಲ್ಕು ಷರತ್ತು ಹಾಕಿದೆ: ಕೆಲಸದಲ್ಲಿ ಗಣನೀಯ ಪಾಲು, ಬರೆಯುವ ಅಥವಾ ತಿದ್ದುವ ಶ್ರಮ, ಅಂತಿಮ ರೂಪಕ್ಕೆ ಒಪ್ಪಿಗೆ, ಸಮಸ್ತ ಕೆಲಸದ ಹೊಣೆ. ನಾಲ್ಕೂ ಇರಬೇಕು. ಹುದ್ದೆ ದೊಡ್ಡದು ಎಂಬುದು ಆ ಪಟ್ಟಿಯಲ್ಲಿಲ್ಲ. ಕಾಯಕದಲ್ಲಿ ಮೇಲು-ಕೀಳಿಲ್ಲವೆಂದು ವೇದಿಕೆಯಲ್ಲಿ ಹೇಳುವ ನಾವು, ದುಡಿಯದವರ ಹೆಸರು ಮೇಲೆ ಹಾಕಿ ದುಡಿದವರನ್ನು ಮರೆತರೆ ಆ ಮಾತಿಗೆ ಬೆಲೆಯೆಲ್ಲಿ? ನನ್ನ ತಿದ್ದಿದ ಪ್ರಬಂಧದಲ್ಲಿ, ತಳಗಲ್ಲು ಪತ್ತೆಯಾದದ್ದು ಯಾರಿಂದ ಎಂಬುದನ್ನು ನೀರಗಂಟಿಯ ಒಪ್ಪಿಗೆ ಪಡೆದು, ಹೆಸರು ಹಾಕಿ ಬರೆದಿದ್ದೇನೆ.

ಫ. ಗು. ಹಳಕಟ್ಟಿಯವರು ವೃತ್ತಿಯಿಂದ ವಕೀಲರು. ಓಲೆಗರಿಗಳನ್ನು ಹುಡುಕುತ್ತ ಊರೂರು ಅಲೆದು 1923ರಲ್ಲಿ ‘ವಚನಶಾಸ್ತ್ರಸಾರ’ ಪ್ರಕಟಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಬಡ್ತಿಗಾಗಿ ಮಾಡಿದ ಸಂಶೋಧನೆಯಲ್ಲ ಅದು. ಅವರನ್ನು ನೆನೆಯುವ ನಮಗೆ ಕೊಂಡುತಂದ ಪ್ರಬಂಧ ಶೋಭಿಸದು.

ಪೂಜ್ಯರಲ್ಲಿ, ಆಡಳಿತ ಮಂಡಳಿಯವರಲ್ಲಿ ನನ್ನ ವಿನಂತಿ ಎರಡು. ನೇಮಕಾತಿ, ಬಡ್ತಿಯ ಸಮಯದಲ್ಲಿ ಪ್ರಬಂಧಗಳನ್ನು ಎಣಿಸುವುದನ್ನು ಬಿಟ್ಟು, ಒಂದೇ ಒಂದನ್ನು ಎದುರಿಗಿಟ್ಟು ಪ್ರಶ್ನೆ ಕೇಳಿರಿ. ತಿಂಗಳಿಗೊಮ್ಮೆ ಮಠದಲ್ಲಿ ತರುಣ ಅಧ್ಯಾಪಕರು ತಮ್ಮ ಕರಡನ್ನು ಕನ್ನಡದಲ್ಲಿ ವಿವರಿಸಲಿ. ರೈತರು, ನೇಕಾರರು, ನಿವೃತ್ತರು ಕುಳಿತು ಪ್ರಶ್ನಿಸಲಿ. ಅನುಭವ ಮಂಟಪದ ಪರಂಪರೆಯವರಿಗೆ ಇದು ಹೊಸದಲ್ಲ.

ನನ್ನ ಪ್ರಬಂಧ ತಿದ್ದುಪಡಿಯೊಂದಿಗೆ ಮತ್ತೆ ಪರಿಶೀಲನೆಗೆ ಹೋಗಿದೆ, ಉತ್ತರ ಬಂದಿಲ್ಲ. ತಿರಸ್ಕರಿಸಿದರೂ ಸರಿ, ಆ ಕೆರೆಯ ಲೆಕ್ಕವಂತೂ ಈಗ ಸರಿಯಾಗಿದೆ. ಓಣಿಯ ಹುಡುಗನಿಗೆ ಮುಂದಿನ ಗೋಷ್ಠಿಯಲ್ಲಿ ತನ್ನ ಹೊಸ ಕರಡು ತರಲು ಹೇಳಿದ್ದೇನೆ. ಹದಿನೇಳು ಪ್ರಶ್ನೆ ಕೇಳುತ್ತೇನೆಂದೂ ಹೇಳಿದ್ದೇನೆ.