ಎದ್ದು ಹೋಗುವ ಒತ್ತುವರಿ, ಏಳದ ಒತ್ತುವರಿ

ಬೆಂಗಳೂರಿನಲ್ಲಿ ಸೈಟು ಮೂವತ್ತು–ನಲವತ್ತು ಎಂದರೆ ಅದು ಕ್ರಯಪತ್ರದ ಅಳತೆ ಮಾತ್ರ. ಮನೆ ಕಟ್ಟಿ ಗೃಹಪ್ರವೇಶದ ಊಟ ಬಡಿಸುವ ಹೊತ್ತಿಗೆ ಅದು ಮೂವತ್ತು–ನಲವತ್ತಾರು ಆಗಿರುತ್ತದೆ. ಹೆಚ್ಚಿನ ಆರಡಿ ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ. ಕೇಳಬೇಕಾದ ಪಕ್ಕದ ಮನೆಯವರೂ ಅಷ್ಟೇ ಮುಂದಕ್ಕೆ ಬಂದಿರುತ್ತಾರೆ. ಮೊದಲು ಕಾರು ಹತ್ತಿಸಲು ಗೇಟಿನ ಮುಂದೆ ಸಿಮೆಂಟಿನ ಇಳಿಜಾರು. ಅದರ ಎರಡು ಬದಿಗೂ ಒಂದಿಷ್ಟು ಗಿಡ. ಹಸಿರು ಬೇಡವೆನ್ನಲು ಯಾರಿಗೆ ಬಾಯಿ ಬರುತ್ತದೆ? ಗಿಡವನ್ನು ದನ ಮೇಯಬಾರದೆಂದು ಕಬ್ಬಿಣದ ಬೇಲಿ, ಬೇಲಿಗೊಂದು ಪುಟ್ಟ ಬಾಗಿಲು, ಬಾಗಿಲಿಗೆ ಬೀಗ. ಬೀಗ ಬಿದ್ದ ಮೇಲೆ ಅದನ್ನು ಫುಟ್‌ಪಾತ್ ಎನ್ನುವವನೇ ತಂಟೆಕೋರ.

ಫುಟ್‌ಪಾತ್ ಸಾಲದೆ ರಸ್ತೆಯೂ ಬೇಕೆನಿಸಿದವರಿಗೆ ಪೇಂಟ್ ಡಬ್ಬ ಇದೆ. ಖಾಲಿ ಡಬ್ಬಕ್ಕೆ ಕಾಂಕ್ರೀಟು ತುಂಬಿ, ನಡುವೆ ಒಂದು ಪೈಪು ನೆಟ್ಟು ಮನೆಮುಂದೆ ಇಟ್ಟರೆ ಆಯಿತು, ಅಷ್ಟು ರಸ್ತೆ ನಮ್ಮ ಕಾರಿಗೆ ಮೀಸಲು. ಕೆಂಪು ದೀಪಕ್ಕೆ ನಿಲ್ಲದ ಭೂಪನೂ ಈ ಡಬ್ಬ ಕಂಡರೆ ಗಾಡಿ ಮುಂದಕ್ಕೆ ಬಿಡುತ್ತಾನೆ. ಅಪ್ಪಿತಪ್ಪಿ ಯಾರಾದರೂ ಅದನ್ನು ಸರಿಸಿದರೆ ಮೊದಲ ಮಹಡಿಯ ಬಾಲ್ಕನಿಯಿಂದ, ‘ಸಾರ್, ಅಲ್ಲಿ ನಮ್ಮ ಗಾಡಿ ನಿಲ್ಲುತ್ತೆ’ ಎಂಬ ಅಶರೀರವಾಣಿ ಕೇಳಿಸುತ್ತದೆ. ಆತ ‘ಸಾರಿ ಸಾರ್’ ಎಂದು ಹೊರಟುಹೋಗುತ್ತಾನೆ. ಯಾಕೆಂದರೆ ಅವನ ಮನೆಮುಂದೆಯೂ ಒಂದು ಡಬ್ಬ ಇದೆ. ಒಬ್ಬರ ಡಬ್ಬವನ್ನು ಇನ್ನೊಬ್ಬರು ಮುಟ್ಟಬಾರದು ಎಂಬುದೊಂದೇ ನಮ್ಮ ಬಡಾವಣೆಗಳಲ್ಲಿ ತಪ್ಪದೆ ಪಾಲನೆಯಾಗುವ ಕಾನೂನು.

ಕಾನೂನಿಗೆ ಬಗ್ಗದ ಕಡೆ ದೇವರನ್ನು ನೇಮಿಸುವ ಪದ್ಧತಿಯೂ ಉಂಟು. ‘ಇಲ್ಲಿ ಮೂತ್ರ ಮಾಡಬಾರದು’ ಎಂದು ಬರೆದ ಗೋಡೆ ಸದಾ ಒದ್ದೆ. ಅದೇ ಗೋಡೆಗೆ ಗಣಪತಿ, ಏಸು, ಮೆಕ್ಕಾ ಮೂರೂ ಇರುವ ಟೈಲ್ಸ್ ಅಂಟಿಸಿದರೆ ಮರುದಿನದಿಂದ ಒಣಗಲು ಶುರು. ನಗರದಲ್ಲಿ ಸರ್ವಧರ್ಮ ಸಮನ್ವಯ ಇಷ್ಟು ಸಲೀಸಾಗಿ ನಡೆಯುವ ಇನ್ನೊಂದು ಜಾಗ ನನಗೆ ಗೊತ್ತಿಲ್ಲ.

ಇದನ್ನೆಲ್ಲ ನೋಡಿ ನಗುತ್ತೇವೆ, ನಗಬೇಕಾದ್ದೇ. ಆದರೆ ಈ ನಗು ಎಲ್ಲರಿಗೂ ಸಮನಾಗಿ ಸಿಗುವುದಿಲ್ಲ. ಇಳಿಜಾರು, ಬೇಲಿ, ಡಬ್ಬ ಕಂಡರೆ ನಗು. ತಳ್ಳುಗಾಡಿ ಕಂಡರೆ ‘ಫುಟ್‌ಪಾತ್ ಎಲ್ಲಾ ಹಾಳಾಗಿ ಹೋಯ್ತು’ ಎಂಬ ಸಿಟ್ಟು. ತೆರವು ಕಾರ್ಯಾಚರಣೆಯ ಲಾರಿ ಬಂದಾಗ ಅದಕ್ಕೆ ಏರುವುದು ತಕ್ಕಡಿ, ಪ್ಲಾಸ್ಟಿಕ್ ಕ್ರೇಟು, ಸೊಪ್ಪಿನ ಕಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಅದು. ಬೀದಿಯಲ್ಲಿ ಯಾರ ಹಕ್ಕು ಸಹಿಸಿಕೊಳ್ಳುವಂಥದ್ದು ಎಂದು ತೂಗಲು ನನ್ನ ಮಟ್ಟಿಗೆ ಒಂದೇ ಪ್ರಶ್ನೆ ಸಾಕು: ಆ ಹಕ್ಕು ಸಂಜೆಗೆ ಎದ್ದು ಮನೆಗೆ ಹೋಗುತ್ತದೆಯೇ?

ಯಾವುದೇ ಹಳೆಯ ಬಡಾವಣೆಯ ಒಂದು ಮೂಲೆಯನ್ನು ಬೆಳಗಿನಿಂದ ಗಮನಿಸಿ. ಕತ್ತಲಿರುವಾಗಲೇ ಹಾಲಿನ ಕ್ರೇಟುಗಳು ಇಳಿಯುತ್ತವೆ. ಏಳರ ಹೊತ್ತಿಗೆ ಹಾಲಿನವರು ಹೋಗಿ ಹೂವಿನಮ್ಮ ಬಂದಿರುತ್ತಾರೆ. ಮೊಳ ಹಾಕುವ ಅವರ ಮೊಣಕೈ ಗಿರಾಕಿಯ ಮುಖ ನೋಡಿ ಉದ್ದ ಗಿಡ್ಡ ಆಗುತ್ತದೆ. ಅವರ ಬುಟ್ಟಿ ಖಾಲಿಯಾದ ಮೇಲೆ ಎಳನೀರಿನ ಸೈಕಲ್ಲು. ಇಳಿಹೊತ್ತಿಗೆ ಬೋಂಡಾ ಬಜ್ಜಿಯ ಬಾಣಲೆ, ರಾತ್ರಿಗೆ ಎಗ್‌ ರೈಸ್. ಆರಡಿ ಜಾಗ, ಐದು ವ್ಯಾಪಾರ, ಒಂದು ಕಾಗದ ಪತ್ರವಿಲ್ಲ. ಸಬ್‌ರಿಜಿಸ್ಟ್ರಾರ್ ಕಚೇರಿಗೆ ಈ ಆರಡಿಯ ಹಂಚಿಕೆ ವಹಿಸಿದ್ದರೆ ಇಷ್ಟರಲ್ಲಿ ಮೊಮ್ಮಕ್ಕಳು ಕೇಸು ನಡೆಸುತ್ತಿದ್ದರು. ಇಲ್ಲಿ ಎಳನೀರಿನವನು ಹತ್ತು ನಿಮಿಷ ಮೊದಲೇ ಬಂದರೆ ಹೂವಿನಮ್ಮ ಕಣ್ಣೆತ್ತಿ ಒಮ್ಮೆ ನೋಡುತ್ತಾರೆ, ಅವನು ಸೈಕಲ್ಲನ್ನು ಮರಕ್ಕೆ ಒರಗಿಸಿ ಕಾಯುತ್ತಾನೆ. ವ್ಯಾಜ್ಯ ಮುಗಿಯಿತು.

ಇದನ್ನು ಅವ್ಯವಸ್ಥೆ ಎನ್ನುವುದು ಕಣ್ಣಿನ ದೋಷ. ಅಮೆರಿಕದ ನಗರಗಳ ಬಗ್ಗೆ ಬರೆದ ಜೇನ್ ಜೇಕಬ್ಸ್ 1961ರಷ್ಟು ಹಿಂದೆಯೇ, ಬೀದಿಯ ಸುರಕ್ಷತೆಯನ್ನು ಪೊಲೀಸರಿಗಿಂತ ಮೊದಲು ಕಾಯುವುದು ಅಲ್ಲಿ ಸದಾ ಇರುವವರ ಕಣ್ಣುಗಳು ಎಂದು ವಾದಿಸಿದ್ದರು. ಹೂವಿನಮ್ಮನಿಗೆ ಆ ಹೆಸರು ಗೊತ್ತಿಲ್ಲದಿರಬಹುದು. ಯಾವ ಮನೆಯ ಮಗು ಇನ್ನೂ ಶಾಲೆಯಿಂದ ಬಂದಿಲ್ಲ, ಯಾರ ಮನೆಮುಂದೆ ಗುರುತಿಲ್ಲದವನು ಎರಡು ಸುತ್ತು ಹಾಕಿದ ಎಂಬುದು ಗೊತ್ತು. ಪೇಂಟ್ ಡಬ್ಬಕ್ಕೆ ಇದಾವುದೂ ಗೊತ್ತಾಗುವುದಿಲ್ಲ.

ಬೀದಿ ವ್ಯಾಪಾರಿಯ ಹಕ್ಕು ಎಷ್ಟು ಹಗುರ ಎಂಬುದು ‘ಗಾಡಿ ಬಂತು’ ಎಂಬ ಕೂಗು ಕೇಳಿಸಿದಾಗ ಕಾಣುತ್ತದೆ. ನಾಲ್ಕು ಮೂಲೆ ಹಿಡಿದು ಎತ್ತಿದರೆ ಅಂಗಡಿಯೇ ಒಂದು ಗಂಟು, ಗಂಟು ಹೆಗಲಿಗೆ, ಹೆಗಲು ಅಡ್ಡರಸ್ತೆಗೆ. ಪಾನಿಪುರಿಯವನ ಪಾಡು ಇನ್ನೂ ಚೆನ್ನ. ಅವನು ಗಾಡಿ ತಳ್ಳಿಕೊಂಡು ಓಡುವಾಗ ಹಿಂದೆ ಮೂರ್ನಾಲ್ಕು ಗಿರಾಕಿಗಳು ಬಟ್ಟಲು ಹಿಡಿದೇ ಓಡುತ್ತಾರೆ, ಯಾಕೆಂದರೆ ಒಬ್ಬೊಬ್ಬರಿಗೆ ಇನ್ನೂ ಎರಡೆರಡು ಪೂರಿ ಬಾಕಿ. ತಿರುವಿನಲ್ಲಿ ಗಾಡಿ ನಿಲ್ಲುತ್ತದೆ. ‘ಎಷ್ಟಾಗಿತ್ತು ಮೇಡಂ?’ ‘ನಾಲ್ಕು.’ ಐದನೆಯದು ಬಟ್ಟಲಿಗೆ ಬೀಳುತ್ತದೆ. ಇಷ್ಟು ಗಡಿಬಿಡಿಯಲ್ಲೂ ಲೆಕ್ಕ ತಪ್ಪಿಸುವುದು ಇಬ್ಬರಿಗೂ ತೋಚುವುದಿಲ್ಲ.

ಇನ್ನು ನಡೆಯುವವನ ಪಾಡು. ಮನೆಗೊಂದು ಎತ್ತರದ ಇಳಿಜಾರು ಹತ್ತಿ ಇಳಿದು, ಟ್ರಾನ್ಸ್‌ಫಾರ್ಮರ್ ಸುತ್ತಿ, ಬಾಯಿ ತೆರೆದ ಚರಂಡಿ ಚಪ್ಪಡಿ ದಾಟಿ ಉಸ್ಸೆನ್ನುವಷ್ಟರಲ್ಲಿ ಹಿಂದಿನಿಂದ ಹಾರ್ನ್ ಕೇಳುತ್ತದೆ. ಫುಟ್‌ಪಾತ್ ಮೇಲೆ ಸ್ಕೂಟರ್! ‘ಹಾರ್ನ್ ಹೊಡೆದ್ರೂ ಕೇಳಲ್ವಾ ಅಂಕಲ್?’ ಅಂಕಲ್ ಪಕ್ಕಕ್ಕೆ ಸರಿಯುವುದಷ್ಟೇ ಅಲ್ಲ, ತಪ್ಪು ತಮ್ಮದೇ ಎಂಬಂತೆ ಮುಖ ಮಾಡುತ್ತಾರೆ. ಫುಟ್‌ಪಾತ್ ಮೇಲೆ ವಾಹನ ಓಡಿಸಬಾರದೆಂಬ ಸಂಚಾರ ನಿಯಮ ಇಬ್ಬರಿಗೂ ಗೊತ್ತು. ಆದರೆ ಆ ಗಳಿಗೆಯಲ್ಲಿ ಹಾರ್ನ್ ಇರುವುದು ಒಬ್ಬನ ಹತ್ತಿರ ಮಾತ್ರ.

ವ್ಯಾಪಾರಿಗಳಿಂದ ತೊಂದರೆಯೇ ಇಲ್ಲ ಎಂದರೆ ಸುಳ್ಳಾದೀತು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಗೋ ಕೆ.ಆರ್. ಮಾರುಕಟ್ಟೆಗೋ ಹೋಗಿ ನೋಡಿ. ಬಾಳೆಕಂದು, ತಾವರೆ, ಸೇವಂತಿಗೆಗಳ ನಡುವೆ ಕಾಲಿಡಲು ಜಾಗ ಸಿಕ್ಕರೆ ಅದೇ ವರ. ಮಂಡಿನೋವಿನ ಅಜ್ಜಿ ಫುಟ್‌ಪಾತ್ ಬಿಟ್ಟು ಬಸ್ಸುಗಳ ನಡುವೆ ಇಳಿಯಬೇಕಾದರೆ ಅದು ತಮಾಷೆಯಲ್ಲ. ಅಡೆತಡೆಯಿಲ್ಲದ ಫುಟ್‌ಪಾತಿನಲ್ಲಿ ನಡೆಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಸೇರಿದೆ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದ್ದು ಇಂಥ ಅಜ್ಜಿಯಂದಿರಿಗಾಗಿ ಕೂಡ.

ಆದರೆ ಬೀದಿಬದಿಯಲ್ಲಿ ವ್ಯಾಪಾರ ಮಾಡುವುದೂ ಮೂಲಭೂತ ಹಕ್ಕೇ, ಅದಕ್ಕೆ ಸೂಕ್ತ ನಿರ್ಬಂಧ ಹಾಕಬಹುದು ಅಷ್ಟೆ ಎಂದು 1989ರ ಸೋದನ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದೂ ಅದೇ ಕೋರ್ಟು. 2014ರಲ್ಲಿ ಸಂಸತ್ತು ಬೀದಿ ವ್ಯಾಪಾರಿಗಳ ಕಾಯ್ದೆ ತಂದು ನಿರ್ಬಂಧದ ದಾರಿಯನ್ನೂ ಬರೆದುಕೊಟ್ಟಿತು. ಮೊದಲು ಸಮೀಕ್ಷೆ, ಜನಸಂಖ್ಯೆಯ ಶೇ 2.5ರ ಮಿತಿಯೊಳಗೆ ಎಲ್ಲರಿಗೂ ಜಾಗ, ಕೈಗೆ ಪ್ರಮಾಣಪತ್ರ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಇರಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ ಎಂದೂ ಅದರಲ್ಲಿದೆ. ಮನೆಮುಂದಿನ ಬೇಲಿಯನ್ನು ಇಷ್ಟು ಮುತುವರ್ಜಿಯಿಂದ ಕಾಪಾಡುವ ಕಾಯ್ದೆ ಯಾವುದೂ ಇಲ್ಲ. ಆದರೂ ಉಳಿಯುವುದು ಬೇಲಿ, ಏಳುವುದು ಬುಟ್ಟಿ.

ಅಜ್ಜಿಗೂ ಹೂವಿನಮ್ಮನಿಗೂ ನಿಜವಾಗಿ ಜಗಳವಿಲ್ಲ, ಅಳತೆಯ ಪ್ರಶ್ನೆಯಷ್ಟೇ ಇರುವುದು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡದ ಪ್ರಕಾರ ನಡೆಯುವವರಿಗೆ ಕನಿಷ್ಠ 1.8 ಮೀಟರ್ ಅಗಲ ಏನೂ ಅಡ್ಡವಿಲ್ಲದೆ ಸಿಗಬೇಕು. ಎಂದರೆ ಸುಮಾರು ಆರಡಿ. ಮೂವತ್ತು–ನಲವತ್ತಾರರ ಮನೆಗಳು ನುಂಗಿರುವುದೂ ಸರಿಯಾಗಿ ಅಷ್ಟನ್ನೇ. ಅದು ವಾಪಸು ಬಂದರೆ ಅಜ್ಜಿ ನಡೆದ ಮೇಲೂ ಎಷ್ಟೋ ಕಡೆ ಒಂದು ಬುಟ್ಟಿಗೆ ಜಾಗ ಉಳಿದೀತು. ಉಳಿಯದ ಕಡೆ ವ್ಯಾಪಾರಿಯನ್ನು ಬೇರೆ ಜಾಗಕ್ಕೆ ಕಳಿಸಬೇಕಾಗುತ್ತದೆ, ಅದನ್ನೂ ಒಪ್ಪೋಣ. ಆದರೆ ಅದು ಕೊನೆಯ ಸರದಿ.

ಹಾಗಾಗಿ ಪಾಲಿಕೆಯವರಲ್ಲಿ ಒಂದು ಮನವಿ. ಮುಂದಿನ ಸಲ ತೆರವಿನ ಲಾರಿ ತರುವಾಗ ಮಾರುಕಟ್ಟೆಗೆ ಹೋಗುವ ಮೊದಲು ನಮ್ಮ ಬಡಾವಣೆಗಳಿಗೆ ಬನ್ನಿ. ಬೇಲಿ ಕೀಳಲು ಗುದ್ದಲಿ, ಹಾರೆ ಬೇಕಾಗುತ್ತವೆ. ಡಬ್ಬ ಎತ್ತಲು ಇಬ್ಬರು ಗಟ್ಟಿ ಆಳುಗಳೂ ಬೇಕು, ಒಳಗೆ ಕಾಂಕ್ರೀಟ್ ಇದೆ. ಓದುಗರಲ್ಲಿ ಮನೆಮುಂದೆ ಡಬ್ಬ ಇಟ್ಟವರು ಇದ್ದರೆ ಲಾರಿ ಬರುವವರೆಗೆ ಕಾಯಬೇಡಿ, ಇವತ್ತೇ ಒಳಗೆ ತೆಗೆದುಕೊಳ್ಳಿ.